ತೋಟಿ ಇನಾಂತಿ ಮತ್ತು ನಮ್ಮಜ್ಜಿಯ ಹೇಳಿಕೆ

ನಮ್ಮವ್ವ 2021ರಲ್ಲಿ ತೀರಿಕೊಂಡಳು. ಅಜ್ಜಿ ಅದಕ್ಕೂ ಐದು ವರ್ಷ ಮೊದಲೇ ಹೋಗಿದ್ದಳು. ಈ ಅತ್ತೆ ಸೊಸೆ ಇಬ್ಬರೂ ಸೇರಿ ನನಗೆ ಬಿಟ್ಟುಹೋದ ಆಸ್ತಿ ಎಂದರೆ ಒಂದು ತಗಡಿನ ಪೆಟ್ಟಿಗೆ. ಒಳಗೆ ಎರಡು ಹಳೇ ಸೀರೆ, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಒಂದಿಷ್ಟು ಕಾಗದ. ಚರಿತ್ರೆಯ ಪಾಠ ಮಾಡಿ ಹೊಟ್ಟೆ ಹೊರೆಯುವ ನಾನು ಬೇರೆಯವರ ಊರಿನ ಶಾಸನ, ಬೇರೆಯವರ ಮನೆತನದ ಕಡತಗಳನ್ನು ಓದಿದ್ದೇನೆ. ಈ ಕವರನ್ನು ಮಾತ್ರ ಎಂ.ಎ. ಓದುವಾಗ ಒಮ್ಮೆ ಬಿಚ್ಚಿ ನೋಡಿ ಹಾಗೇ ಮಡಚಿಟ್ಟಿದ್ದೆ.

ದಲಿತ ವಿಮರ್ಶೆಯ ಬಗ್ಗೆ ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದಾಗ ಮೊದಲು ನೆನಪಾದದ್ದು ಈ ಪೆಟ್ಟಿಗೆಯೇ. ಕಾರಣವಿದೆ. ನಮ್ಮ ಕಾವ್ಯದಲ್ಲೂ ವಿಮರ್ಶೆಯಲ್ಲೂ ಅವ್ವ ಎಂದರೆ ನೆಲ, ನೆಲ ಎಂದರೆ ಅವ್ವ ಎನ್ನುವುದು ಒಂದು ರೂಢಿಯೇ ಆಗಿಹೋಗಿದೆ. ಸೆಮಿನಾರುಗಳಲ್ಲಿ ಇದನ್ನು ಕೇಳಿದಾಗಲೆಲ್ಲ ನನಗೆ ಕಸಿವಿಸಿ. ನಮ್ಮಜ್ಜಿಯ ಹೆಸರಲ್ಲಿ ಒಂದು ಗುಂಟೆ ನೆಲವಿರಲಿಲ್ಲ, ಅವ್ವನ ಹೆಸರಲ್ಲೂ ಇರಲಿಲ್ಲ. ನೆಲ ಇಲ್ಲದವಳನ್ನೇ ನೆಲ ಎಂದು ಹೊಗಳಿಬಿಟ್ಟರೆ ಆ ನೆಲ ಯಾರ ಪಾಲಾಯಿತು ಎಂದು ಕೇಳುವವರು ಯಾರು?

ನಮ್ಮೂರು ಮಂಡ್ಯ ಮತ್ತು ತುಮಕೂರು ಜಿಲ್ಲೆಗಳ ಗಡಿಯ ಒಣಸೀಮೆಯ ಒಂದು ಹಳ್ಳಿ. ರಾಗಿ, ಹುರುಳಿ, ಅವರೆ ಬಿಟ್ಟರೆ ಹೆಚ್ಚಿಗೆ ಬೆಳೆಯದ ಜಾಗ. ಊರಾಚೆ ಹದಿನಾಲ್ಕು ಮನೆಯ ಹೊಲಗೇರಿ. ಅದರಲ್ಲಿ ತೋಟಿತನ ನಮ್ಮ ಮನೆಯದು. ಕಾಗದದಲ್ಲಿ ತೋಟಿ ಎಂದರೆ ನಮ್ಮ ತಾತ. ಆದರೆ ತಾತ ವರ್ಷದಲ್ಲಿ ಐದಾರು ತಿಂಗಳು ಘಟ್ಟದ ಕಾಫಿತೋಟಗಳಿಗೆ ಕೂಲಿಗೆ ಹೋಗುತ್ತಿದ್ದ. ಹಾಗಂತ ಊರಿನ ಚಾಕರಿ ನಿಲ್ಲುತ್ತಿತ್ತೆ? ಚಾವಡಿ ಗುಡಿಸಿ ಸಗಣಿ ಸಾರಿಸೋದು ಅಜ್ಜಿ. ಸಾಹೇಬರು ಬಂದರೆ ಸೌದೆ, ನೀರು ಹೊಂಚೋದು ಅಜ್ಜಿ. ಊರಿನಲ್ಲಿ ಯಾರಾದರೂ ಸತ್ತರೆ ನೆಂಟರ ಊರುಗಳಿಗೆ ಸಾವಿನ ಸುದ್ದಿ ಹೊತ್ತು ನಡೆಯೋದು ಅಜ್ಜಿ. ತಮಟೆ ಹೊಡೆದು ಸಾರುವುದೊಂದಕ್ಕೆ ಮಾತ್ರ ತಾತನ ತಮ್ಮ ಬರುತ್ತಿದ್ದ. ಒಂದು ಸಾವಿನ ಸುದ್ದಿ ಹೊತ್ತು ಹೋಗುವಾಗ ಅವಳು ಏಳು ತಿಂಗಳ ಬಸುರಿಯಂತೆ. ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಕತ್ತಲಾಗಿತ್ತು, ಸುದ್ದಿ ತಲುಪಿದ ಮನೆಯವರು ಜಗಲಿಯಿಂದಾಚೆ ನಿಲ್ಲಿಸಿ ಅಳುತ್ತಾ ಒಂದು ಮೊರದಷ್ಟು ರಾಗಿ ಸುರಿದರಂತೆ. ಇದನ್ನು ಅಜ್ಜಿ ದುಃಖದ ಕತೆಯಾಗಿ ಹೇಳುತ್ತಿರಲಿಲ್ಲ. ಲೆಕ್ಕವಾಗಿ ಹೇಳುತ್ತಿದ್ದಳು. ಯಾವ ಕಣದಲ್ಲಿ ಎಷ್ಟು ಆಯ ಬರಬೇಕಿತ್ತು, ಯಾರು ರಾಶಿ ಎತ್ತಿದ ಮೇಲೆ ಮಣ್ಣಿನ ಜೊತೆ ಉಳಿದ ತಳದ ಕಾಳನ್ನೇ ಆಯ ಅಂತ ಕೊಟ್ಟರು, ಎಲ್ಲ ಅವಳ ಬಾಯಲ್ಲಿತ್ತು.

ಇನ್ನೊಂದು ವಿದ್ಯೆಯೂ ಅವಳ ಬಾಯಲ್ಲಿತ್ತು. ಊರಿನ ಎಲ್ಲೆ. ಯಾವ ಹುಣಸೆಮರದಿಂದ ಯಾವ ಬಂಡೆಗೆ, ಅಲ್ಲಿಂದ ಯಾವ ಹಳ್ಳದ ತಿರುವಿಗೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ನಮ್ಮ ಕಡೆ ಕುಳವಾಡಿಕೆಯೂ ತೋಟಿತನವೂ ಒಂದೇ ಮನೆಯಲ್ಲಿದ್ದವು. ಮುಂದೆ ಲೈಬ್ರರಿಯಲ್ಲಿ ಥರ್ಸ್ಟನ್ನನ 1909ರ ಸಂಪುಟಗಳನ್ನು ತಿರುವುವಾಗ, ಮೈಸೂರು ಸೀಮೆಯ ಹೊಲೆಯರ ಬಗ್ಗೆ ಕ್ಯಾಪ್ಟನ್ ಮೆಕೆಂಜಿ 1873ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಗೆ ಬರೆದ ಟಿಪ್ಪಣಿ ಸಿಕ್ಕಿತು. ಎಲ್ಲೆಯ ವ್ಯಾಜ್ಯ ಬಂದರೆ ಕುಳವಾಡಿಯ ಮಾತೇ ಕೊನೆ. ಅವನು ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಗಡಿಗುಂಟ ನಡೆಯಬೇಕು, ಎಲ್ಲೆ ತಪ್ಪಿದರೆ ಉಂಡೆ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ ಎಂಬ ನಂಬಿಕೆ. ಓದಿದಾಗ ಮೈ ಜುಂ ಎಂದಿತು. ಇಡೀ ಊರಿನ ಎಲ್ಲೆಗೆ ಜೀವ ಒತ್ತೆಯಿಟ್ಟು ಸಾಕ್ಷಿ ಹೇಳಬೇಕಾಗಿದ್ದವರು ಆ ಎಲ್ಲೆಯೊಳಗೆ ಮನೆ ಕಟ್ಟುವಂತಿರಲಿಲ್ಲ. ಮೆಕೆಂಜಿಯ ಕುಳವಾಡಿ ಗಂಡಸು ಎನ್ನುವುದನ್ನೂ ಗಮನಿಸಬೇಕು. ತನ್ನ ಕಣ್ಣಿಗೆ ಬಿದ್ದವರನ್ನು ಅವನು ಬರೆದ. ಗಂಡ ಘಟ್ಟಕ್ಕೆ ಹೋದಾಗ ಚಾವಡಿ ಗುಡಿಸುತ್ತಿದ್ದವಳು ವಸಾಹತುಶಾಹಿಯ ಕಡತಕ್ಕೂ ಬರಲಿಲ್ಲ, ಸ್ವತಂತ್ರ ಸರ್ಕಾರದ ಕಡತಕ್ಕೂ ಬರಲಿಲ್ಲ.

ಈಗ ಪೆಟ್ಟಿಗೆಯ ಕಾಗದಕ್ಕೆ ಬರುತ್ತೇನೆ. ತೋಟಿತನಕ್ಕೆ ಪ್ರತಿಯಾಗಿ ನಮ್ಮ ಮನೆ ಉಣ್ಣುತ್ತಿದ್ದದ್ದು ಎರಡೆಕರೆ ಹತ್ತು ಗುಂಟೆ ಇನಾಂತಿ. 1961ರ ಗ್ರಾಮ ಕಚೇರಿಗಳ ರದ್ಧತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಪಟೇಲ, ಶಾನುಭೋಗ, ತಳವಾರ, ತೋಟಿ ಎಲ್ಲ ವಂಶಪಾರಂಪರ್ಯ ಹುದ್ದೆಗಳೂ ಒಂದೇ ಏಟಿಗೆ ರದ್ದು. ಇನಾಂತಿ ಜಮೀನು ಸರ್ಕಾರಕ್ಕೆ ಸೇರಿ, ಕಂದಾಯದ ಲೆಕ್ಕದಲ್ಲಿ ಹಣ ಕಟ್ಟಿದವರಿಗೆ ಮರುಮಂಜೂರು. ನಮ್ಮ ತಾತನಿಗೂ ಆಯಿತು. ಕಾಯ್ದೆಯ ಮುಂದೆ ಶಾನುಭೋಗನೂ ತೋಟಿಯೂ ಒಂದೇ ಆದದ್ದು ಇದೇ ಮೊದಲಿರಬೇಕು! ಆದರೆ ನಮ್ಮೂರಲ್ಲಿ ಶಾನುಭೋಗರಿಗೆ ಜಮೀನಿನ ಜೊತೆ ಅಕ್ಷರವಿತ್ತು, ಪೇಟೆಯಲ್ಲಿ ನೆಂಟರಿದ್ದರು. ತಾತನಿಗೆ ಇದ್ದದ್ದು ಸಾಲ. 65–66ರ ಬರದ ಬೆನ್ನಿಗೇ, 1967ರಲ್ಲಿ, ನಾನೂರು ರೂಪಾಯಿಗೆ ಊರಿನ ಜಮೀನುದಾರರೊಬ್ಬರಿಗೆ ಕ್ರಯಪತ್ರ. ತಾತನ ಹೆಬ್ಬೆಟ್ಟು ಪೆಟ್ಟಿಗೆಯಲ್ಲಿದೆ. ಅಜ್ಜಿಯದು ಇಲ್ಲ, ಅವಳನ್ನು ಯಾರೂ ಕೇಳಲಿಲ್ಲ. ಆಮೇಲೆ ಮೂವತ್ತು ವರ್ಷ ಅದೇ ಹೊಲಕ್ಕೆ ಅವಳು ಕಳೆ ಕೀಳುವ ಕೂಲಿಗೆ ಹೋದಳು. ಹುದ್ದೆ ರದ್ದಾದ ಮೇಲೂ ಎಷ್ಟೋ ವರ್ಷ ಚಾವಡಿಯ ಪೊರಕೆ ನಮ್ಮ ಮನೆಯಲ್ಲೇ ಇತ್ತು, ಆಯ ಮಾತ್ರ ನಿಂತಿತ್ತು.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಬಾಬಾಸಾಹೇಬರು 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಮಹಾರ್ ವತನದ ಕಾನೂನಿಗೆ ತಿದ್ದುಪಡಿ ಮಸೂದೆ ತಂದರು. ತುಂಡು ಜಮೀನಿನ ಆಸೆ ತೋರಿಸಿ ಒಂದು ಸಮುದಾಯವನ್ನೇ ಊರಿನ ಜೀತಕ್ಕೆ ಕಟ್ಟಿಹಾಕುವ ಹಗ್ಗ ಅದು ಎಂದು ಅವರಿಗೆ ಸ್ಪಷ್ಟವಿತ್ತು. ಹಾಗಿದ್ದರೆ ನಮ್ಮಜ್ಜಿ ಆ ಇನಾಂತಿಯನ್ನು ನಮ್ಮದು, ನಮ್ಮದು ಎನ್ನುತ್ತಿದ್ದಳಲ್ಲ, ಅದು ಸಂಕೋಲೆಯ ಮೇಲಿನ ಮೋಹವೆ? ಬಿ.ಎ.ಯಲ್ಲಿದ್ದಾಗ ನಾನು ಅವಳನ್ನು ಹೀಗೇ ಕೇಳಿದ್ದೆ, ಸ್ವಲ್ಪ ಜಂಬದಿಂದಲೇ. ಅವಳು ಹೇಳಿದ್ದು: “ಚಾಕ್ರಿ ಹೋಯ್ತು, ಒಳ್ಳೇದೇ ಆಯ್ತು ಮಗಾ. ಕೂಲಿ ಯಾಕ್ ಹೋಗ್ಬೇಕು?” ವತನದ ಜಮೀನು ಆ ಜನರ ಕೈಯಲ್ಲೇ ಉಳಿಯಬೇಕು, ಉಳಿದ ರೈತರಂತೆ ಅವರೂ ಕಂದಾಯ ಕಟ್ಟಿ ಉಳಬೇಕು ಎಂಬುದೇ ಬಾಬಾಸಾಹೇಬರ ವಾದವೂ ಆಗಿತ್ತು ಎಂದು ನನಗೆ ತಿಳಿದದ್ದು ಆಮೇಲೆ.

ಅವ್ವ ಈ ಮನೆಗೆ ಸೊಸೆಯಾಗಿ ಬಂದದ್ದು 1992ರಲ್ಲಿ, ಏಳನೇ ಕ್ಲಾಸು ಓದಿಕೊಂಡು. ಕೇರಿಯ ಹೆಂಗಸರಲ್ಲಿ ಅಷ್ಟು ಓದಿದವಳು ಅವಳೊಬ್ಬಳೇ. ತಾತ ಆಗ ಇರಲಿಲ್ಲ, ಅಪ್ಪನಿಗೆ ಕಚೇರಿ ಎಂದರೆ ಭಯ. ಕೇರಿಗೆ ಬಂದಿದ್ದ ದಸಂಸದ ಕಾರ್ಯಕರ್ತರು 1978ರ ಪಿಟಿಸಿಎಲ್ ಕಾಯ್ದೆಯ ಬಗ್ಗೆ ಹೇಳಿದ್ದನ್ನು ಕೇಳಿದ ಅಜ್ಜಿ, ಹೊಸ ಸೊಸೆಗೆ ಅರ್ಜಿ ಬರೆಸಿದಳು. ಅಲ್ಲಿಂದ ಶುರು. ಒಡಲಾಳದ ಸಾಕವ್ವ ಹುಂಜ ಹುಡುಕಿದ ಹಾಗೆ ನಮ್ಮಜ್ಜಿ ಗಡಿಕಲ್ಲು ಹುಡುಕಿಕೊಂಡು ಹೊರಟಳು. ಮೂರು ವರ್ಷ, ತಿಂಗಳಿಗೊಂದು ವಾಯಿದೆ. ಬುತ್ತಿಯಲ್ಲಿ ಮುದ್ದೆ, ಹುರುಳಿ ಚಟ್ನಿ. ಹೋಗುವಾಗ ಬಸ್ಸು, ಬರುವಾಗ ದುಡ್ಡಿದ್ದರೆ ಬಸ್ಸು. ಅತ್ತೆ ಸೊಸೆ ಎಂದರೆ ಜಗಳ ಎನ್ನುವ ಜಾನಪದದ ಮೇಷ್ಟ್ರುಗಳು ಈ ಇಬ್ಬರನ್ನು ಆ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ನೋಡಬೇಕಿತ್ತು.

ವಿಚಾರಣೆಯ ದಿನ ವಕೀಲರು ಹೇಳಿಕೊಟ್ಟಿದ್ದು ಇಷ್ಟೇ: ಬಡವರು ಸ್ವಾಮಿ, ಸರ್ಕಾರ ಕೊಟ್ಟ ಜಮೀನು, ಮೋಸ ಮಾಡಿ ಬರೆಸಿಕೊಂಡರು ಅನ್ನಿ. ಅಜ್ಜಿ ನಿಂತವಳೇ ಅಂದಳಂತೆ: “ಸರ್ಕಾರ ಕೊಟ್ಟಿದ್ದಲ್ಲ ಕಣ್ ಸೋಮಿ. ನಾವು ಚಾವ್ಡಿ ಕಸ ಗುಡ್ಸಿ, ಸಾವು ಸಾರಿ ತಗಂಡಿದ್ದು.”

ಪಿಟಿಸಿಎಲ್ ಕಾಯ್ದೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಕಾಪಾಡುತ್ತದೆ. ಭೂಸುಧಾರಣೆ, ಇನಾಂ ರದ್ಧತಿಯಲ್ಲಿ ಬಂದದ್ದೂ ಅದರೊಳಗೆ ಸೇರುತ್ತದೆ. ಆದರೆ ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ್ದನ್ನು ಅದರ ವ್ಯಾಖ್ಯೆಯೇ ಹೊರಗಿಡುತ್ತದೆ. ಎಂದರೆ ತೋಟಿ ಇನಾಂತಿ ಅದರಡಿ ಬರುವುದಿಲ್ಲ. ಇನ್ನು ಗ್ರಾಮ ಕಚೇರಿಗಳ ಕಾಯ್ದೆಗೆ 1978ರ ಆಗಸ್ಟಿನಿಂದ ಜಾರಿಯಾದ ತಿದ್ದುಪಡಿ, ಮರುಮಂಜೂರಾದ ಜಮೀನನ್ನು ಹದಿನೈದು ವರ್ಷ ಪರಭಾರೆ ಮಾಡುವಂತಿಲ್ಲ ಎಂದಿತು, ನಮ್ಮ ಕ್ರಯಪತ್ರ ಅದಕ್ಕಿಂತ ಹನ್ನೊಂದು ವರ್ಷ ಹಿಂದಿನದು. ದಾನ ಎಂದು ಒಪ್ಪಿಕೊಂಡರೆ ರಕ್ಷಣೆ, ದುಡಿದು ಪಡೆದ ಹಕ್ಕು ಎಂದರೆ ಇಲ್ಲ! ಸುಪ್ರೀಂ ಕೋರ್ಟು 2017ರಲ್ಲಿ ತಡವಾದ ಅರ್ಜಿಗಳ ವಿರುದ್ಧ ತೀರ್ಪು ಕೊಟ್ಟ ಮೇಲೆ, ನಮ್ಮವರು ಧರಣಿ ಕೂತು ಹೋರಾಡಿ 2023ರಲ್ಲಿ ಪಿಟಿಸಿಎಲ್ ಕಾಯ್ದೆಗೆ ತಿದ್ದುಪಡಿ ತರಿಸಿದರು, ಕಾಲಮಿತಿಯ ತೊಡಕು ಹೋಯಿತು. ದೊಡ್ಡ ಗೆಲುವೇ. ಆದರೆ ಆ ವ್ಯಾಖ್ಯೆಯ ಸಾಲು ಹಾಗೇ ಉಳಿಯಿತು. ತೋಟಿ, ತಳವಾರರ ಮನೆಗಳ ಪ್ರಶ್ನೆ ನಮ್ಮ ಚಳವಳಿಯ ಹಕ್ಕೊತ್ತಾಯದಲ್ಲೂ ಎದ್ದು ಕಂಡದ್ದಿಲ್ಲ ಎಂಬುದು ನನ್ನ ತಕರಾರು.

ಅರ್ಜಿ ವಜಾ ಆದ ಮೇಲೆ ಅವ್ವ ಮನೆ ನಡೆಸಿದಳು. ಮುಂದೆ ಬಿಸಿಯೂಟದ ಅಡುಗೆಯವಳಾದಳು. ಮೊದಲ ವರ್ಷ ಊರಿನ ಮಕ್ಕಳಲ್ಲಿ ಕೆಲವರು ಅವಳ ಕೈಯಿಂದ ಉಣ್ಣದೆ ಮನೆಗೋಡಿದರು. ಆ ಕತೆ ನಿಮಗೆ ಗೊತ್ತಿರುವಂಥದ್ದೇ. ಅವಳಿಗೆ ಸಿಗುತ್ತಿದ್ದುದಕ್ಕೆ ಸಂಬಳ ಎನ್ನುವಂತಿರಲಿಲ್ಲ, ಗೌರವಧನ. ಅತಿಥಿ ಉಪನ್ಯಾಸಕಿಯಾದ ನನಗೂ ಅದೇ ಹೆಸರಿನದ್ದು ಬರುತ್ತದೆ. ಮೂರು ತಲೆಮಾರು ಆಯದಲ್ಲೇ ಇದ್ದೇವೆ ಎಂದರೆ ಅವ್ವ ನಗುತ್ತಿದ್ದಳು.

ಎಂ.ಎ. ಓದುವಾಗ ಆ ಕವರು ಬಿಚ್ಚಿದೆನೆಂದೆನಲ್ಲ, ಅವತ್ತು ಆದೇಶದ ಪ್ರತಿಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಸದರಿ ಜಮೀನು ತೋಟಿ ಇನಾಂತಿ ಬಾಬ್ತಿನದೆಂದು ಅರ್ಜಿದಾರಳು ಸ್ವತಃ ಒಪ್ಪಿಕೊಂಡಿರುತ್ತಾಳೆ. ಒಪ್ಪಿಕೊಂಡಿರುತ್ತಾಳೆ! ತಪ್ಪಿತಸ್ಥರು ಒಪ್ಪಿಕೊಳ್ಳುವ ಹಾಗೆ. ಅಜ್ಜಿಯ ಮಾತು ಇರಲಿ ಬಿಡಲಿ, ಹಳೇ ದಾಖಲೆಗಳೇ ಆ ಅರ್ಜಿಯನ್ನು ಬೀಳಿಸುತ್ತಿದ್ದವು. ಆದರೂ ಆದೇಶ ಅವಳ ಬಾಯಿಯ ಮೇಲೇ ಕೂತಿತ್ತು. ಅಜ್ಜಿಗೆ ಇದನ್ನು ಅವ್ವನೇ ಓದಿ ಹೇಳಿದ್ದು, ಹುಣಸೆಮರದ ಕೆಳಗೆ ಕೂತು, ಕೇರಿಯ ನಾಲ್ಕು ಜನರ ಮುಂದೆ. ಈ ಸಾಲನ್ನೂ ಓದಿದೆಯಾ ಎಂದು ಕೇಳಿದೆ. ಅವ್ವ ಒಲೆಯ ಮುಂದಿದ್ದಳು.

“ಒಪ್ಕಂಡವ್ಳೆ ಅಂತ ಯಾಕ್ ಓದ್ಲಿ? ಹೇಳವ್ಳೆ ಅಂತ ಓದ್ದೆ. ಇಲ್ದಿದ್ರೆ ನನ್ ಬಾಯಿಂದ್ಲೇ ಹೊಲ ಹೋಯ್ತು ಅಂದ್ಕಂಡು ಆ ಮುದ್ಕಿ ಅವತ್ತೇ ಸಾಯ್ತಿತ್ತು.”

ಆಮೇಲೆ ಮುದ್ದೆ ತಿರುವಲು ಕೋಲು ತೆಗೆದುಕೊಂಡಳು, ಹೊತ್ತಾಗಿತ್ತು.