ಈವಿಲ್ ಡೆಡ್, ದಿ

ಸ್ಯಾಮ್ ರೈಮಿ ಬರೆದು ನಿರ್ದೇಶಿಸಿದ, 1981ರಲ್ಲಿ ಮೊದಲ ಪ್ರದರ್ಶನ ಕಂಡ ಅಮೆರಿಕದ ಭಯಾನಕ ಚಲನಚಿತ್ರ. ನಿರ್ಮಾಪಕ ರಾಬರ್ಟ್ ಟ್ಯಾಪರ್ಟ್. ನಾಯಕ ಆ್ಯಶ್ ಪಾತ್ರದಲ್ಲಿ ಬ್ರೂಸ್ ಕ್ಯಾಂಪ್‌ಬೆಲ್. ಕಾಡಿನ ನಡುವಣ ಹಳೆಯ ಕುಟೀರಕ್ಕೆ ರಜೆ ಕಳೆಯಲು ಬಂದ ಐವರು, ನೆಲಮಾಳಿಗೆಯಲ್ಲಿ ಸಿಕ್ಕ ಧ್ವನಿಸುರುಳಿಯನ್ನು ಹಾಕಿ ಕೇಳಿದಾಗ ದುಷ್ಟಶಕ್ತಿಗಳು ಎಚ್ಚೆತ್ತು ಒಬ್ಬೊಬ್ಬರನ್ನೇ ಮೆಟ್ಟಿಕೊಳ್ಳುವುದು ಕಥಾವಸ್ತು.

ನಿರ್ಮಾಣ: ಹಣ ಹೂಡುವವರಿಗೆ ಮಾದರಿಯಾಗಿ ತೋರಿಸಲು ರೈಮಿ 1978ರಲ್ಲಿ ‘ವಿದಿನ್ ದ ವುಡ್ಸ್’ ಎಂಬ ಕಿರುಚಿತ್ರ ತಯಾರಿಸಿದರು. ಮುಖ್ಯ ಚಿತ್ರೀಕರಣ ಟೆನೆಸಿ ರಾಜ್ಯದ ಮಾರಿಸ್‌ಟೌನ್ ಬಳಿಯ ಪಾಳು ಕುಟೀರದಲ್ಲಿ ನಡೆಯಿತು. 16 ಮಿ.ಮೀ. ಫಿಲ್ಮಿನಲ್ಲಿ ತೆಗೆದ ಚಿತ್ರವನ್ನು ಪ್ರದರ್ಶನಕ್ಕಾಗಿ 35 ಮಿ.ಮೀ.ಗೆ ಹಿಗ್ಗಿಸಲಾಯಿತು. ವೆಚ್ಚ ಸುಮಾರು 3.75 ಲಕ್ಷ ಡಾಲರ್.

ಗುಣದೋಷಗಳು: ಕ್ಯಾಮೆರಾವನ್ನು ಮರದ ಹಲಗೆಗೆ ಬಿಗಿದು, ಅದರ ಎರಡು ತುದಿ ಹಿಡಿದು ಓಡುತ್ತ ತೆಗೆದ ದೃಶ್ಯಗಳು ಕಣ್ಣಿಗೆ ಕಾಣದ ಶಕ್ತಿಯ ನೋಟವನ್ನು ಮೂಡಿಸುತ್ತವೆ. ಜೋಳದ ಪಾಕಕ್ಕೆ ಬಣ್ಣ ಬೆರೆಸಿದ ಕೃತಕ ರಕ್ತ, ಓರೆ ಕೋನಗಳು, ಶಬ್ದವಿನ್ಯಾಸ, ಇಕ್ಕಟ್ಟಾದ ಒಂದೇ ನೆಲೆ ಇವು ಬಂಡವಾಳದ ಕೊರತೆಯನ್ನು ತುಂಬುತ್ತವೆ. ತೆಳುವಾದ ಪಾತ್ರಚಿತ್ರಣ, ಏರುಪೇರಿನ ಅಭಿನಯ, ಎದ್ದುಕಾಣುವ ಮುಖವಾಡ-ಬಣ್ಣಗಾರಿಕೆ, ದೃಶ್ಯಗಳ ಜೋಡಣೆಯಲ್ಲಿನ ತಪ್ಪುಗಳು ಇದರ ಕೊರತೆಗಳು. ಮರದ ಕೊಂಬೆಗಳು ಯುವತಿಯ ಮೇಲೆ ಅತ್ಯಾಚಾರವೆಸಗುವ ದೃಶ್ಯ ತೀವ್ರ ಟೀಕೆಗೆ ಒಳಗಾಗಿದೆ.

ಮಹತ್ತ್ವ: ಲೇಖಕ ಸ್ಟೀಫನ್ ಕಿಂಗ್ ಅವರ ಮೆಚ್ಚುಗೆ ಚಿತ್ರದ ಪ್ರಚಾರಕ್ಕೆ ನೆರವಾಯಿತು. ಬ್ರಿಟನ್ನಿನಲ್ಲಿ 1980ರ ದಶಕದ ವಿಡಿಯೊ ಸೆನ್ಸಾರ್ ವಿವಾದದಲ್ಲಿ ಇದು ಪ್ರಮುಖವಾಗಿತ್ತು. ಕಾಡಿನ ಕುಟೀರದಲ್ಲಿ ನಡೆಯುವ ಭಯಾನಕ ಚಿತ್ರಗಳ ಮಾದರಿಯನ್ನು ಇದು ಜನಪ್ರಿಯಗೊಳಿಸಿತು. ಇದರ ಮುಂದುವರಿಕೆಗಳಾಗಿ ‘ಈವಿಲ್ ಡೆಡ್ 2’ (1987), ‘ಆರ್ಮಿ ಆಫ್ ಡಾರ್ಕ್‌ನೆಸ್’ (1992) ಬಂದವು. 2013ರಲ್ಲಿ ಹೊಸ ರೂಪಾಂತರ ತೆರೆಕಂಡಿತು.