ಪದಪಟ್ಟಿಯೊಳಗಿನ ಪರೆ

ಅಮೆರಿಕದ ಕಾಲೇಜು ಸೇರಲು ಬರೆಯುವ ಎಸ್.ಎ.ಟಿ. ಪರೀಕ್ಷೆ ಶುರುವಾಗಿದ್ದು 1926ರಲ್ಲಿ. ಬಹಳ ಕಾಲ ಅದು ಕಷ್ಟದ ಇಂಗ್ಲಿಷ್ ಪದಗಳಿಗೇ ಹೆಸರುವಾಸಿಯಾಗಿತ್ತು. 1994ರಲ್ಲಿ ವಿರುದ್ಧಪದದ ಪ್ರಶ್ನೆಗಳನ್ನು ತೆಗೆದರು. 2005ರಲ್ಲಿ ಪದಜೋಡಿಗಳ ಪ್ರಶ್ನೆಗಳೂ ಹೋದವು. 2016ರಲ್ಲಿ ಅಪರೂಪದ ಪದಗಳ ಹಟವನ್ನೇ ಬಿಟ್ಟರು. ಆದರೂ ಪದಪಟ್ಟಿಯ ಪುಸ್ತಕಗಳಿಗೆ ಬೇಡಿಕೆ ತಪ್ಪಿಲ್ಲ. ಹೊರದೇಶಕ್ಕೆ ಹೊರಡುವ ಮಕ್ಕಳು ಅವನ್ನು ಮಗ್ಗಿಯ ಹಾಗೆ ಉರು ಹೊಡೀತಾರೆ. ಚೆನ್ನೈನಲ್ಲಿ ನೆಲೆಸಿರುವ ನನ್ನಂಥ ಕನ್ನಡಿಗರ ಮನೆಗಳಲ್ಲೂ ಇದು ನಡೆದದ್ದೇ.

ಆ ಪಟ್ಟಿಗಳಲ್ಲಿ ತಪ್ಪದೆ ಬರುವ ಒಂದು ಪದ ‘ಪರಾಯ’. ಅರ್ಥ: ಬಹಿಷ್ಕೃತ, ಯಾರಿಗೂ ಬೇಡವಾದವನು. ಅಷ್ಟೇ, ಒಂದು ಸಾಲು. ಬೇರೆ ಊರಲ್ಲಾಗಿದ್ದರೆ ನಾನೂ ಓದಿ ಪುಟ ತಿರುಗಿಸುತ್ತಿದ್ದೆನೋ ಏನೋ. ಚೆನ್ನೈನಲ್ಲಿ ಇದ್ದುಕೊಂಡು ಹಾಗೆ ಮಾಡೋಕಾಗಲ್ಲ. ಯಾಕಂದರೆ ಆ ಪದ ಇಲ್ಲಿಯದೇ.

ತಮಿಳಿನಲ್ಲಿ ‘ಪರೈ’ ಅಂದರೆ ಚರ್ಮವಾದ್ಯ. ನಮ್ಮ ತಮಟೆ, ಹಲಗೆಗಳ ಬಳಗದ್ದು. ಪರೈಯರ್ ಎಂಬ ಸಮುದಾಯದ ಹೆಸರು ಅದರಿಂದಲೇ ಬಂತು ಅಂತ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಹೇಳಿದರು. ಕನ್ನಡಕ್ಕೂ ಈ ವಾದ್ಯದ ಹೆಸರು ಹೊಸದಲ್ಲ. ಹಳಗನ್ನಡದಲ್ಲಿ ಅದು ‘ಪಱೆ’. ಪಾಲ್ ಹಾಲಾದ ಹಾಗೆ, ಪೂ ಹೂವಾದ ಹಾಗೆ ಪಱೆ ‘ಹರೆ’ ಆಯಿತು.

ಸಂಗಂ ಸಾಹಿತ್ಯದ ಪುರನಾನೂರು ಸಂಕಲನದ 335ನೇ ಪದ್ಯದಲ್ಲಿ ತುಡಿಯನ್, ಪಾಣನ್, ಕಡಂಬನ್ ಜೊತೆಗೆ ಪರೈಯನ್ ಎಂಬ ಹೆಸರೂ ಬರುತ್ತದೆ. ಕುಲಗಳು ಅಂದರೆ ಈ ನಾಲ್ಕೇ ಎಂಬ ಧಾಟಿಯ ಮಾತದು. ಅಲ್ಲಿ ತಿರಸ್ಕಾರ ಕಾಣೋದಿಲ್ಲ. ತಿರಸ್ಕಾರ ಆಮೇಲೆ ಬಂತು. ಅದನ್ನು ಪೂರ್ತಿ ಪರದೇಶದವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳೋದು ಸುಲಭ, ಆದರೆ ಸರಿಯಲ್ಲ. ಮನುಷ್ಯರನ್ನು ಊರಾಚೆಯ ಚೇರಿಗೆ ತಳ್ಳಿದವರು, ಬಾವಿಯ ನೀರು ಮುಟ್ಟಗೊಡದವರು ನಮ್ಮವರೇ.

ಯುರೋಪಿನವರು ಮಾಡಿದ್ದು ಬೇರೆ ಕೆಲಸ. ಹಡಗಿನಲ್ಲಿ ಮೆಣಸು, ಬಟ್ಟೆಗಳ ಜೊತೆಗೆ ಅವರು ಈ ಹೆಸರನ್ನೂ ಒಯ್ದರು. ಫ್ರೆಂಚ್ ಲೇಖಕ ಬರ್ನಾರ್ಡಿನ್ ದ ಸೇಂಟ್ ಪಿಯರ್ 1791ರಲ್ಲಿ ‘ಭಾರತದ ಗುಡಿಸಲು’ ಎಂಬ ಕಥೆಯಲ್ಲಿ ಒಬ್ಬ ‘ಪಾರಿಯಾ’ನನ್ನು ವಿವೇಕಿಯಾಗಿ ಚಿತ್ರಿಸಿದ. 1821ರಲ್ಲಿ ಕಾಸಿಮಿರ್ ದೆಲಾವಿನ್ ಅದೇ ಹೆಸರಿನ ನಾಟಕ ಬರೆದ. ಜರ್ಮನಿಯ ಗಯಟೆ ಪದ್ಯಗಳನ್ನೇ ಬರೆದ. ಓದಿದವರಿಗೆ ಮರುಕ ಹುಟ್ಟಿತು, ನಿಜ. ಆದರೆ ಒಂದು ಸಮುದಾಯದ ಹೆಸರು ಹೊರದಬ್ಬಿಸಿಕೊಂಡ ಯಾರಿಗಾದರೂ ಅಂಟಿಸಬಹುದಾದ ಚೀಟಿಯಾಯಿತು. ಯುರೋಪಿನವರು ಈ ಪದವನ್ನು ತಪ್ಪಾಗಿ ಬಳಸುತ್ತಿದ್ದಾರೆ ಅಂತ ಯೂಲ್ ಮತ್ತು ಬರ್ನೆಲ್ ತಮ್ಮ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ 1886ರಷ್ಟು ಹಿಂದೆಯೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇವತ್ತಿಗೂ ಇಂಗ್ಲಿಷ್ ಪತ್ರಿಕೆಗಳು ಜಗತ್ತು ದೂರವಿಟ್ಟ ದೇಶವನ್ನು ಇದೇ ಪದದಿಂದ ಕರೀತಾವೆ.

ಆ ಹೆಸರು ಹೊತ್ತವರು ಏನು ಮಾಡಿದರು? ಪದಪಟ್ಟಿಯಲ್ಲಿ ಅದು ಇಲ್ಲ. ರೆಟ್ಟಮಲೈ ಶ್ರೀನಿವಾಸನ್ 1893ರಲ್ಲಿ ಮದ್ರಾಸಿನಲ್ಲಿ ಪತ್ರಿಕೆ ಶುರು ಮಾಡಿ ಅದಕ್ಕೆ ‘ಪರೈಯನ್’ ಅಂತಲೇ ಹೆಸರಿಟ್ಟರು. ಬೈಗುಳವಾಗಿದ್ದ ಹೆಸರನ್ನು ತಲೆಯೆತ್ತಿ ಹೇಳಿಕೊಂಡರು. 1922ರಲ್ಲಿ ಎಂ.ಸಿ. ರಾಜಾ ಅವರು ಮದ್ರಾಸ್ ಶಾಸನಸಭೆಯಲ್ಲಿ ಆ ಹೆಸರೂ ಬೇಡ, ಪಂಚಮ ಎಂಬುದೂ ಬೇಡ, ಆದಿ ದ್ರಾವಿಡ ಎನ್ನಿ ಎಂದು ನಿರ್ಣಯ ತಂದರು. ಒಬ್ಬರು ಹೆಸರನ್ನು ಎತ್ತಿ ಹಿಡಿದರು, ಇನ್ನೊಬ್ಬರು ಬಿಡಿಸಿದರು. ಇಬ್ಬರೂ ಕೇಳಿದ್ದು ಮರ್ಯಾದೆಯನ್ನೇ. ಪರಿಶಿಷ್ಟರನ್ನು ನಾಲ್ಕು ಜನರೆದುರು ಜಾತಿ ಹಿಡಿದು ಬೈಯುವುದು ಈಗ ದೌರ್ಜನ್ಯ ತಡೆ ಕಾನೂನಿನಡಿ ಅಪರಾಧ. ಅದೇ ಹೆಸರು ಪರೀಕ್ಷೆಯ ಪುಸ್ತಕದಲ್ಲಿ ಅಂಕ ತರುವ ಪದ!

ಮಕ್ಕಳು ಈ ಪದ ಕಲೀಬಾರದು ಅಂತ ನಾನು ಹೇಳೋದಿಲ್ಲ. ಇಂಗ್ಲಿಷ್ ಓದುವಾಗ ಅದು ಎದುರಾಗುತ್ತದೆ, ಅರ್ಥ ಗೊತ್ತಿರಬೇಕು. ಆದರೆ ಬೇರೆ ನಾಡಿಗೆ ಬಂದು ನೆಲೆಸಿದವರ ಮಕ್ಕಳು, ಆ ನಾಡಿನ ಜನರ ಹೆಸರನ್ನು ಇಂಗ್ಲಿಷ್ ಪದಪಟ್ಟಿಯಿಂದ, ಅದೂ ‘ಬೇಡವಾದವನು’ ಅಂತ ಕಲಿತರೆ, ಪಕ್ಕದ ಬೀದಿಯ ಪರಿಚಯವೇ ಆಗಲಿಲ್ಲ ಅಂತಾಯಿತು. ಒಮ್ಮೆ ಪರೈ ವಾದನವನ್ನಾದರೂ ಎದುರಿಗೆ ನಿಂತು ಕೇಳಬೇಕು. ಸಾವಿನ ಮನೆಗೆ ಮಾತ್ರ ಅಂತ ದೂರ ಇಟ್ಟಿದ್ದ ಆ ವಾದ್ಯವನ್ನು ಕಲಾವಿದರು ವೇದಿಕೆಗೂ ತಂದಿದ್ದಾರೆ. 2025ರಲ್ಲಿ ಪರೈ ವಾದಕ ವೇಲು ಆಸಾನ್ ಅವರಿಗೆ ಪದ್ಮಶ್ರೀ ಬಂತು.