ರಿಕ್ಕಿ-ಟಿಕ್ಕಿ-ಟಾವಿ: ಮನೆ ಕಾಯ್ದ ಮುಂಗುಸಿ

ಲೇಖಕ: ರಡ್ಯಾರ್ಡ್ ಕಿಪ್ಲಿಂಗ್ (1865–1936)
ಸಂಕಲನ: ‘ದಿ ಜಂಗಲ್ ಬುಕ್’, ಮ್ಯಾಕ್‌ಮಿಲನ್, 1894

ಮುಂಬೈಯಲ್ಲಿ ಹುಟ್ಟಿದ ಕಿಪ್ಲಿಂಗ್ ಅಮೆರಿಕದ ವರ್ಮಾಂಟ್‌ನಲ್ಲಿ ನೆಲೆಸಿದ್ದಾಗಿನ ಕಥೆಯಿದು. 1893ರಲ್ಲಿ ‘ಸೇಂಟ್ ನಿಕೊಲಸ್’ ಮಕ್ಕಳ ಮಾಸಿಕದಲ್ಲಿ ಮೊದಲು ಅಚ್ಚಾಯಿತು. ಮರುವರ್ಷ ಬಂದ ಸಂಕಲನಕ್ಕೆ ಚಿತ್ರ ಬರೆದ ಮೂವರಲ್ಲಿ ಲೇಖಕರ ತಂದೆ, ಲಾಹೋರ್ ವಸ್ತುಸಂಗ್ರಹಾಲಯದ ಕ್ಯುರೇಟರ್ ಆಗಿದ್ದ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಒಬ್ಬರು.

ಕಥೆ
ಬಿಹಾರದ ಸುಗೌಲಿ ದಂಡುಪ್ರದೇಶ. ಮಳೆನೀರಿಗೆ ಬಿಲದಿಂದ ಕೊಚ್ಚಿಹೋದ ಮುಂಗುಸಿ ಮರಿಯನ್ನು ಇಂಗ್ಲಿಷ್ ಕುಟುಂಬವೊಂದು ಉಳಿಸಿ ಸಾಕುತ್ತದೆ. ಆ ಮನೆಯವರನ್ನು ಕೊಲ್ಲಲು ನಾಗ್, ನಾಗೈನಾ ಎಂಬ ನಾಗರಜೋಡಿ ಹೊಂಚು ಹಾಕುತ್ತದೆ. ಸ್ನಾನದ ಕೋಣೆಯಲ್ಲಿ ನಾಗ್‌ನ ತಲೆ ಕಚ್ಚಿಹಿಡಿದ ರಿಕ್ಕಿ, ಹಾವು ನೆಲಕ್ಕೆ, ಸ್ನಾನದ ತೊಟ್ಟಿಗೆ ಅಪ್ಪಳಿಸಿದರೂ ಬಿಡುವುದಿಲ್ಲ. ಮನೆಯೊಡೆಯನ ಗುಂಡಿಗೆ ಹಾವು ಸಾಯುತ್ತದೆ. ಮರುದಿನ ರಿಕ್ಕಿ ಕಲ್ಲಂಗಡಿ ಮಡಿಯಲ್ಲಿದ್ದ ಹಾವಿನ ಮೊಟ್ಟೆಗಳನ್ನು ಒಡೆದು, ನಾಗೈನಾಳ ಬೆನ್ನಟ್ಟಿ ಅವಳ ಬಿಲಕ್ಕೇ ನುಗ್ಗಿ ಗೆದ್ದು ಬರುತ್ತದೆ.

ಹಳೆಯ ನಂಟು
ಪಂಚತಂತ್ರದಲ್ಲೂ ಮುಂಗುಸಿಯೊಂದು ತೊಟ್ಟಿಲ ಕೂಸನ್ನು ಹಾವಿನಿಂದ ಕಾಪಾಡುತ್ತದೆ. ಆದರೆ ಬಾಯಿಗಂಟಿದ ರಕ್ತ ನೋಡಿ ತಪ್ಪುತಿಳಿದ ತಾಯಿಯ ಕೈಯಲ್ಲೇ ಸಾಯುತ್ತದೆ. ಕಿಪ್ಲಿಂಗ್ ಕಥೆಯ ಮುಂಗುಸಿಗೆ ಬದುಕೂ ಮನೆಯವರ ಮೆಚ್ಚುಗೆಯೂ ದಕ್ಕುತ್ತವೆ.

ನಿಜದ ಮುಂಗುಸಿ
ನಾಗರಹಾವಿನ ನರವಿಷ ಸ್ನಾಯುಗಳನ್ನು ಸ್ತಬ್ಧಗೊಳಿಸುತ್ತದೆ. ಮುಂಗುಸಿಯ ಸ್ನಾಯುಗ್ರಾಹಕಗಳ ರಚನೆ ತುಸು ಬೇರೆಯಾದ್ದರಿಂದ ಆ ವಿಷ ಅಷ್ಟು ಸುಲಭವಾಗಿ ಅಂಟಿಕೊಳ್ಳದು. ಆದರೂ ಕಡಿತ ಪೂರ್ತಿ ನಿರಪಾಯವಲ್ಲ. ಮುಂಗುಸಿಯನ್ನು ಹೆಚ್ಚಾಗಿ ಕಾಯುವುದು ಅದರ ಚುರುಕು ಮತ್ತು ನಿಮಿರಿದ ಒರಟು ರೋಮ.